ರಕ್ತದಿಂದ ಹರಡುವ ಸೋಂಕು: ಮಾಲೀಕರ ಹೊಣೆಯೇನು?

ಭಾಲ್ಕಿಯ ಒಂದು ಚಿಕ್ಕ ರಕ್ತಪರೀಕ್ಷಾ ಪ್ರಯೋಗಾಲಯದ ಲೆಕ್ಕ ಪರಿಶೋಧನೆಗೆ ಕುಳಿತಾಗ ಗಮನಕ್ಕೆ ಬಂದ ಸಂಗತಿಯಿದು. ಸಿರಿಂಜು, ಕೈಗವಸುಗಳ ಖರೀದಿಗೆ ಬಿಲ್ಲುಗಳಿದ್ದವು. ನೌಕರರ ಲಸಿಕೆಯ ಬಾಬ್ತು ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ. ವಿಚಾರಿಸಲಾಗಿ, ಕಸದ ಚೀಲ ಕಟ್ಟುವಾಗ ಆಯಾಳ ಬೆರಳಿಗೆ ಬಳಸಿದ ಸೂಜಿ ಚುಚ್ಚಿತ್ತೆಂದೂ, ಕೆಲಸ ಹೋದೀತೆಂಬ ಭಯದಿಂದ ಆಕೆ ಐದನೆಯ ದಿನ ಹೇಳಿದಳೆಂದೂ ತಿಳಿಯಿತು. ಅಷ್ಟರಲ್ಲಿ ಎಚ್.ಐ.ವಿ. ತಡೆಯುವ ಔಷಧಿಯ ಅವಧಿ ಮೀರಿತ್ತು. ಸೋಂಕು ತಗುಲಿಲ್ಲವೆಂದು ಖಚಿತವಾಗುವವರೆಗೆ ಆ ಕುಟುಂಬ ತಿಂಗಳುಗಟ್ಟಲೆ ಕಳವಳದಲ್ಲಿ ಕಳೆಯಿತು.

ರಕ್ತದ ಮೂಲಕ ಮುಖ್ಯವಾಗಿ ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ಮತ್ತು ಎಚ್.ಐ.ವಿ. ಹರಡುತ್ತವೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್.ಐ.ವಿ. ತಗಲುವ ಸಂಭವ ಸುಮಾರು ಶೇ. 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಂಭವ ಶೇ. 30ರವರೆಗೂ ಇರಬಹುದು. ಒಣಗಿದ ರಕ್ತದಲ್ಲಿಯೂ ಈ ರೋಗಾಣು ಕನಿಷ್ಠ 7 ದಿನ ಜೀವಂತವಿರಬಲ್ಲದು. ಆದರೆ ಇದಕ್ಕೆ ಪರಿಣಾಮಕಾರಿ ಲಸಿಕೆಯೂ ಇದೆ.

ಅಮೆರಿಕದಲ್ಲಿ ಈ ವಿಷಯಕ್ಕೆಂದೇ 1991ರಲ್ಲಿ ಪ್ರತ್ಯೇಕ ನಿಯಮ ಬಂದಿತು. ನಮ್ಮಲ್ಲಿ ಹೊಣೆಗಾರಿಕೆಯು ಬೇರೆ ಬೇರೆ ಕಾನೂನುಗಳಲ್ಲಿ ಹಂಚಿಹೋಗಿದೆ:

1. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016: ನರ್ಸಿಂಗ್ ಹೋಂ, ಕ್ಲಿನಿಕ್, ಪ್ರಯೋಗಾಲಯ, ಪಶುವೈದ್ಯ ಚಿಕಿತ್ಸಾಲಯ ಎಲ್ಲಕ್ಕೂ, ಎಷ್ಟೇ ಚಿಕ್ಕದಿದ್ದರೂ, ಅನ್ವಯಿಸುತ್ತವೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ ಹಾಗೂ ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆ ತರಬೇತಿ ಮತ್ತು ಆರೋಗ್ಯ ತಪಾಸಣೆ ಕಡ್ಡಾಯ. ಸೂಜಿಗಳನ್ನು ಚುಚ್ಚದಂತಹ ಬಿಳಿ ಡಬ್ಬಿಯಲ್ಲಿಯೇ ಹಾಕತಕ್ಕದ್ದು. ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ಸಲ್ಲಿಸತಕ್ಕದ್ದು.

2. ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ, 2017: ಇದು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಆರೋಗ್ಯ ಸೇವಾ ಸಂಸ್ಥೆಗಳಲ್ಲಿಯೂ ಸೋಂಕಿನ ಗಣನೀಯ ಅಪಾಯವಿರುವ ಇತರ ಸಂಸ್ಥೆಗಳಲ್ಲಿಯೂ ರಕ್ಷಣಾ ಸಾಧನ, ತರಬೇತಿ ಮತ್ತು ತಡೆ ಔಷಧಿ ಒದಗಿಸುವುದು ಪ್ರಕರಣ 19ರ ಮೇರೆಗೆ ಮಾಲೀಕರ ಕರ್ತವ್ಯ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

3. ಸಾಮಾಜಿಕ ಭದ್ರತಾ ಸಂಹಿತೆ, 2020: ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆರೋಗ್ಯ ಹಾಗೂ ಪ್ರಯೋಗಾಲಯ ಕೆಲಸದಲ್ಲಿ ತಗಲುವ ಸೋಂಕು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ನೌಕರರು ಇ.ಎಸ್.ಐ. ವ್ಯಾಪ್ತಿಯಲ್ಲಿಲ್ಲದಿದ್ದರೆ ಪರಿಹಾರದ ಭಾರ ಮಾಲೀಕರ ಮೇಲೆಯೇ ಬೀಳುತ್ತದೆ.

ನಮ್ಮ ಸದಸ್ಯರಲ್ಲಿ ಗುಜರಿ ವ್ಯಾಪಾರಿಗಳೂ ಇದ್ದಾರೆ. ಸಂಸ್ಕರಿಸದ ಆಸ್ಪತ್ರೆ ತ್ಯಾಜ್ಯವನ್ನು ಮಾರುವುದು ನಿಯಮಬಾಹಿರವಾದ್ದರಿಂದ ಅಂತಹ ಮಾಲನ್ನು ಕೊಳ್ಳಲೇಬಾರದು. ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಕೈ ಕೊಯ್ದುಕೊಂಡವರಿಗೆ ಪ್ರಥಮ ಚಿಕಿತ್ಸೆ ಮಾಡುವವರಿಗೂ ಕೈಗವಸು ಬೇಕು.

ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು, ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ತಡೆ ಔಷಧಿಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಔರಾದ್, ಭಾಲ್ಕಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ಸಿಗುವುದೇ ಎಂದು ಮುಂಚಿತವಾಗಿಯೇ ವಿಚಾರಿಸಿಡುವುದು ಒಳಿತು. ಇಲ್ಲವಾದರೆ ತಡಮಾಡದೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಬೇಕು.

ಲಸಿಕೆಯು ಮೂರು ಚುಚ್ಚುಮದ್ದುಗಳ ಖರ್ಚು ಮಾತ್ರ. ಅದಕ್ಕಿಂತ ಮುಖ್ಯವಾದುದು, ಗಾಯವಾದ ನೌಕರರು ಅದೇ ದಿನ ನಿರ್ಭಯವಾಗಿ ಬಂದು ಹೇಳುವಂತಹ ವಾತಾವರಣ. ಅದಕ್ಕೆ ಖರ್ಚೇ ಇಲ್ಲ. ಸದಸ್ಯರು ಈ ತಿಂಗಳೇ ತಮ್ಮ ಲೆಕ್ಕದ ಪುಸ್ತಕದಲ್ಲಿ ಲಸಿಕೆಯ ಬಾಬ್ತು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.