ಮಳೆಯ ನಕ್ಷತ್ರಗಳೂ ನಮ್ಮ ಸಂಜೆಯ ತಿರುಗಾಟವೂ

ಇಂಗ್ಲಿಷ್ ಕವಿಗಳ ವಸಂತವನ್ನೂ ಶರತ್ಕಾಲವನ್ನೂ ಹದಿನೈದು ವರ್ಷ ಪಾಠ ಹೇಳಿದ ನಾನು, ನಮ್ಮ ಸೀಮೆಯಲ್ಲಿ ರಾಗಿಯನ್ನು ಯಾವಾಗ ಬಿತ್ತುತ್ತಾರೆಂಬುದನ್ನು ತಿಳಿದುಕೊಂಡದ್ದು ಈಚೆಗೆ. ನಾಚಿಕೆಯ ಈ ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಕುವೆಂಪುನಗರದ ನಮ್ಮ ಮನೆಯಿಂದ ನೈಋತ್ಯಕ್ಕೆ ಸ್ವಲ್ಪ ನಡೆದರೆ ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರವರು 1828ರಲ್ಲಿ ಕಟ್ಟಿಸಿದುದು. ಅದನ್ನು ಬಿಟ್ಟು ಉದ್ಬೂರಿನ ಕಡೆಗೆ ಮುಂದುವರಿದರೆ ಬಡಾವಣೆಗಳ ನಡುನಡುವೆ ಹೊಲಗಳು ಇನ್ನೂ ಕಾಣಸಿಗುತ್ತವೆ. ಒಂದು ಜೂನ್ ತಿಂಗಳ ಸಂಜೆ ಆ ಕಡೆ ಹೋಗಿದ್ದಾಗ, ಮಳೆಗಾಲ ಹಿಡಿಯಿತೇ ಎಂದು ಹಿರಿಯ ರೈತರೊಬ್ಬರನ್ನು ಕೇಳಿದೆ. "ಯಾವ ಮಳೆ ಕೇಳ್ತೀರಿ ಸ್ವಾಮಿ, ರೋಹಿಣಿಯೋ ಮೃಗಶಿರವೋ?" ಎಂದರು. ನಾನು ನಿರುತ್ತರನಾದೆ.

ಲೆಕ್ಕವೇನೋ ಸರಳವಾದುದೇ. ಸೂರ್ಯನು ವರ್ಷಕ್ಕೆ 27 ನಕ್ಷತ್ರಗಳನ್ನು ಹಾದುಹೋಗುವನಾದುದರಿಂದ ಒಂದೊಂದಕ್ಕೆ 13 ಅಥವಾ 14 ದಿನ; ಆಗ ಬೀಳುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಮೈಸೂರು ಘಟ್ಟದ ಮಳೆನೆರಳಿನಲ್ಲಿದೆ. ಜೂನ್ ಜುಲೈಗಳಲ್ಲಿ ನಮಗೆ ಬರುವುದು ಹೆಚ್ಚಾಗಿ ಸೋನೆ; ಬಿರುಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಮತ್ತೊಮ್ಮೆ. ಪುಸ್ತಕದ ವರ್ಷಋತುವೊಂದರಿಂದ ಇದನ್ನು ಅಳೆಯಲಾದೀತೆ?

ಏಪ್ರಿಲ್ ಕೊನೆಗೆ ಭರಣಿ ಬಿದ್ದೊಡನೆ ನೇಗಿಲೋ ಟ್ರ್ಯಾಕ್ಟರೋ ಹೊಲಕ್ಕಿಳಿಯುತ್ತದೆ; ಹೊಂಗೆಯ ಹೂವು ಉದುರಿ ದಾರಿಗೆ ಹಾಸಾಗಿರುತ್ತದೆ. ಎಳ್ಳು, ಅಲಸಂದೆಗಳ ಬಿತ್ತನೆ ಆಗ. ರಾಗಿಯ ಬಿತ್ತನೆ ಹೆಚ್ಚಾಗಿ ಜುಲೈ ಆಗಸ್ಟುಗಳಲ್ಲಿ. ನನಗೆ ಎಲ್ಲಕ್ಕಿಂತ ಪ್ರಿಯವಾದುದು ಹಸ್ತ ಚಿತ್ತೆಗಳ ಕಾಲ. ರಾಗಿಯ ನಡುವಣ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯ ಹೂಬಿಟ್ಟು, ಜೇನುಹುಳುಗಳ ಸದ್ದು ಬದುವಿನವರೆಗೂ ಕೇಳುತ್ತದೆ. (ನಡೆಯುವವರು ಬದುವನ್ನು ಬಿಟ್ಟು ಸಾಲಿಗೆ ಕಾಲಿಡಬಾರದೆಂದು ಬೇರೆ ಹೇಳಬೇಕಿಲ್ಲ.) ಡಿಸೆಂಬರಿನ ಇಬ್ಬನಿಗೆ ಅವರೆಯ ಸೊಗಡು ಏರುತ್ತದೆ. ಸಂಕ್ರಾಂತಿಯ ಸಂಜೆ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ದೂರದಿಂದಲಾದರೂ ನೋಡತಕ್ಕದ್ದು. ಆಮೇಲೆ ಧೂಳಿನ ದಿನಗಳು. ನಮ್ಮವರು ಅನೇಕರು ತಿರುಗಾಟ ನಿಲ್ಲಿಸುವುದೇ ಆಗ, ಬೋಳು ಮುತ್ತುಗವು ಕೆಂಪಗೆ ಹೂ ತಳೆದಿರುವಾಗ.

ಕಳೆದ ವರ್ಷ ಆ ಹಿರಿಯರ ಹೊಲದ ಒಂದು ಪಾಲಿನಲ್ಲಿ ನಿವೇಶನದ ಕಲ್ಲುಗಳು ನಿಂತಿದ್ದವು. ಉಳಿದ ಪಾಲಿನಲ್ಲಿ ರಾಗಿ ಇತ್ತು. ನಾನಾಗಿಯೇ, "ಉತ್ತರೆ ಕೈಕೊಟ್ಟಿತಲ್ಲ" ಎಂದೆ. ಅವರು ಕಲ್ಲೊಂದರ ಮೇಲೆ ಕುಳಿತು, ಹಸ್ತದ ಮೇಲೆ ಇನ್ನೂ ಭರವಸೆಯಿದೆಯೆಂದು ಹೇಳಿ, ನನಗೂ ಪಕ್ಕದ ಕಲ್ಲನ್ನು ತೋರಿಸಿದರು.