ಬೆನ್ನು ತೋರಿದವರೆಲ್ಲ ಹೇಡಿಗಳೇ?

1916ರ ಅಕ್ಟೋಬರ್ 18ರ ಮುಂಜಾವು. ಫ್ರಾನ್ಸಿನ ಕಾರ್ನ್ವಾ ಎಂಬ ಊರಿನ ಬಳಿ ಬ್ರಿಟಿಷ್ ಸೇನೆಯ ಸಿಪಾಯಿಯೊಬ್ಬನನ್ನು ಗುಂಡಿಕ್ಕಲೆಂದು ನಿಲ್ಲಿಸಲಾಯಿತು. ಕಣ್ಣಿಗೆ ಬಟ್ಟೆ ಕಟ್ಟುವುದು ಬೇಡವೆಂದು ಆತ ಹೇಳಿದ. ಬಂದೂಕು ಹಿಡಿದು ಎದುರಿಗೆ ನಿಂತವರು ಶತ್ರುಗಳಲ್ಲ, ಅವನದೇ ಸೇನೆಯವರು. ಸತ್ತವನ ಹೆಸರು ಹ್ಯಾರಿ ಫಾರ್. ವಯಸ್ಸು 25. ಅವನ ಮೇಲಿದ್ದ ಆರೋಪ ಹೇಡಿತನ!

ಸಾವನ್ನು ಕಣ್ಣುಬಿಟ್ಟು ಎದುರಿಸಿದವನು ಹೇಡಿ ಹೇಗಾದಾನು? ಈ ಪ್ರಶ್ನೆಗೆ ಉತ್ತರ ಹೇಳಲು ಬ್ರಿಟನ್ನಿಗೆ 90 ವರ್ಷ ಬೇಕಾಯಿತು.

ಫಾರ್ ಹೊಸಬನೇನೂ ಆಗಿರಲಿಲ್ಲ. ಕಂದಕಗಳಲ್ಲಿ ಫಿರಂಗಿ ಗುಂಡುಗಳ ಸುರಿಮಳೆಯ ನಡುವೆ ದಿನ ಕಳೆದವನು. 1915ರಲ್ಲಿ ಅವನ ನರಗಳು ಸೋತವು. ಸುಮಾರು ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಬರೆಯಬೇಕಾದ ಕಾಗದವನ್ನು ದಾದಿ ಬರೆದುಕೊಡಬೇಕಾಗಿತ್ತು. ಆದರೂ ಅವನನ್ನು ಮತ್ತೆ ರಣರಂಗಕ್ಕೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಸೋಮ್ ಕದನದ ವೇಳೆ, ಇನ್ನು ಮುಂದಕ್ಕೆ ಹೋಗಲಾರೆ ಎಂದು ಆತ ನಿಂತುಬಿಟ್ಟ. ಸೇನಾ ನ್ಯಾಯಾಲಯದಲ್ಲಿ ಅವನ ಪರ ವಾದಿಸುವವರು ಯಾರೂ ಇರಲಿಲ್ಲ. ಹಿಂದೆ ಅವನಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯಾಧಿಕಾರಿ ತಾನೇ ಗಾಯಗೊಂಡಿದ್ದರಿಂದ ಸಾಕ್ಷಿ ಹೇಳಲು ಬರಲಿಲ್ಲ. ವಿಚಾರಣೆ ಬೇಗನೆ ಮುಗಿದುಹೋಯಿತು.

ದಂಡನೆಯ ಲೆಕ್ಕ

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯಗಳು ವಿಧಿಸಿದ ಮರಣದಂಡನೆಗಳು 3,000ಕ್ಕೂ ಹೆಚ್ಚು. ಹತ್ತರಲ್ಲಿ ಒಂಬತ್ತನ್ನು ಮೇಲಧಿಕಾರಿಗಳು ಕಡಿಮೆ ಶಿಕ್ಷೆಗೆ ಇಳಿಸಿದರು. ಉಳಿದವರಲ್ಲಿ ಪಲಾಯನ, ಹೇಡಿತನ ಮತ್ತು ಅಂಥವೇ ಸೈನಿಕ ಅಪರಾಧಗಳಿಗಾಗಿ ಗುಂಡಿಗೆ ಬಲಿಯಾದವರು 306 ಮಂದಿ. ಪಲಾಯನಕ್ಕಾಗಿ ಹೀಗೆ ಸತ್ತ ಮೊದಲನೆಯವನು ಥಾಮಸ್ ಹೈಗೇಟ್. ಯುದ್ಧ ಶುರುವಾಗಿ ಐದು ವಾರವಾಗಿತ್ತಷ್ಟೆ. ಅವನಿನ್ನೂ ಹದಿಹರೆಯದ ಹುಡುಗ.

ಶಿಕ್ಷೆ ಸತ್ತವನೊಂದಿಗೆ ಮುಗಿಯಲಿಲ್ಲ. ಫಾರ್‌ನ ಹೆಂಡತಿಗೆ ಬರುತ್ತಿದ್ದ ಹಣ ನಿಂತಿತು. ತಂದೆ ಹೇಗೆ ಸತ್ತರೆಂಬುದು ಮಗಳಿಗೆ ತಿಳಿದದ್ದು ಅವಳಿಗೆ ನಡುವಯಸ್ಸಾದ ಮೇಲೆ. ಊರಿನ ಯುದ್ಧ ಸ್ಮಾರಕಗಳಲ್ಲಿ ಎಲ್ಲರ ಹೆಸರು ಕೆತ್ತುವಾಗ ಇಂಥ ಎಷ್ಟೋ ಹೆಸರುಗಳನ್ನು ಬಿಟ್ಟುಬಿಟ್ಟರು.

ಸೇನೆ ಹೇಳುವುದೇನು?

ಇದನ್ನೆಲ್ಲ ಓದಿದಾಗ ಸಿಟ್ಟು ಬರುವುದು ಸಹಜ. ಆದರೆ ಸೇನೆಯ ವಾದವನ್ನೂ ಕೇಳಬೇಕು. ಕಂದಕದಲ್ಲಿ ನಿಂತ ಹತ್ತು ಜನರಲ್ಲಿ ಒಬ್ಬ ಓಡಿಹೋದರೆ ಅವನ ಪಾಲಿನ ಕಾವಲು, ಅವನ ಪಾಲಿನ ಅಪಾಯ ಉಳಿದ ಒಂಬತ್ತು ಮಂದಿಯ ಹೆಗಲಿಗೇರುತ್ತದೆ. ಓಡಿದವನಿಗೂ ಭಯವಿತ್ತು, ನಿಂತವನಿಗೂ ಭಯವಿತ್ತು. ನಿಂತವನ ಮನೆಯಲ್ಲೂ ಹೆಂಡತಿ ಮಕ್ಕಳು ದಾರಿ ನೋಡುತ್ತಿದ್ದರು. ಓಡಿದವನಿಗೆ ಏನೂ ಆಗುವುದಿಲ್ಲವೆಂದಾದರೆ ನಿಂತವನಿಗೆ ಅನ್ಯಾಯ ಮಾಡಿದಂತಲ್ಲವೇ?

ಈ ಭಾವನೆ ನಮಗೆ ಹೊಸದಲ್ಲ. ಒಡೆಯನ ಜೋಳದ ಋಣ ತೀರಿಸಲು ಪ್ರಾಣ ಕೊಡುವುದನ್ನು ಹಳಗನ್ನಡ ನಾಡು ‘ಜೋಳವಾಳಿ’ ಎಂದು ಕರೆಯಿತು. ಊರೂರಿನ ವೀರಗಲ್ಲುಗಳು ನಿಂತು ಸತ್ತವರ ನೆನಪಿಗೆ ಎದ್ದವು. ಓಡಿದವನಿಗೆ ಯಾರೂ ಕಲ್ಲು ನೆಡಲಿಲ್ಲ. ನಮ್ಮ 1950ರ ಸೇನಾ ಕಾಯ್ದೆಯ 38ನೇ ಕಲಮಿನಂತೆ, ಸಕ್ರಿಯ ಸೇವೆಯಲ್ಲಿರುವಾಗ ಪಲಾಯನ ಮಾಡಿದವನಿಗೆ ಮರಣದಂಡನೆಯವರೆಗೂ ಶಿಕ್ಷೆ ವಿಧಿಸಬಹುದು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಡ್ಡಿ ಸ್ಲೋವಿಕ್ ಪ್ರಕರಣ ಈ ವಾದದ ಗಟ್ಟಿ ಉದಾಹರಣೆ. ತಾನು ಓಡಿಹೋದೆ, ಮುಂಚೂಣಿಗೆ ಕಳಿಸಿದರೆ ಮತ್ತೆ ಓಡುತ್ತೇನೆ ಎಂದು ಆತ ಬರೆದುಕೊಟ್ಟ. ಆ ಕಾಗದವನ್ನು ಹಿಂದಕ್ಕೆ ತೆಗೆದುಕೊ, ತುಕಡಿಗೆ ಮರಳು, ಎಲ್ಲವನ್ನೂ ಮರೆಯೋಣ ಎಂದು ಅಧಿಕಾರಿಗಳು ಹೇಳಿದರೂ ಒಪ್ಪಲಿಲ್ಲ. ಹೆಚ್ಚೆಂದರೆ ಜೈಲು ಎಂದುಕೊಂಡಿದ್ದನೇನೋ. 1945ರ ಜನವರಿ 31ರಂದು ಅವನನ್ನು ಫ್ರಾನ್ಸಿನಲ್ಲಿ ಗುಂಡಿಟ್ಟು ಕೊಂದರು. ಆ ಯುದ್ಧದಲ್ಲಿ ಪಲಾಯನಕ್ಕಾಗಿ 49 ಅಮೆರಿಕನ್ ಸೈನಿಕರಿಗೆ ಮರಣದಂಡನೆ ವಿಧಿಸಲಾಗಿತ್ತು. ನಿಜವಾಗಿ ಸತ್ತವನು ಸ್ಲೋವಿಕ್ ಒಬ್ಬನೇ. ತಪ್ಪು ಅವನದಿತ್ತು, ಸರಿ. ಆದರೆ ಅದೇ ತಪ್ಪಿಗೆ 48 ಮಂದಿ ಬದುಕಿ ಒಬ್ಬ ಸಾಯುವುದು ಯಾವ ನ್ಯಾಯ?

ಗುಂಡಿನ ಹೆದರಿಕೆ ಬೇಕೇ?

ಸಾವಿನ ಹೆದರಿಕೆ ಇಲ್ಲದಿದ್ದರೆ ಸೇನೆ ನಿಲ್ಲುವುದಿಲ್ಲ ಎಂಬ ಮಾತಿದೆ. ಇತಿಹಾಸ ಅದನ್ನು ಪೂರ್ತಿ ಒಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ 121 ಸೈನಿಕರಿಗೆ ಮರಣದಂಡನೆ ವಿಧಿಸಲಾಗಿದ್ದರೂ ಆ ದೇಶದ ಕಾನೂನು ಅಡ್ಡ ಬಂದು ಒಬ್ಬನೂ ಸಾಯಲಿಲ್ಲ. ಆಸ್ಟ್ರೇಲಿಯಾ ತುಕಡಿಗಳಲ್ಲಿ ಹೇಳದೆ ಕೇಳದೆ ಹೋಗುವವರು ಹೆಚ್ಚು ಎಂದು ಬ್ರಿಟಿಷ್ ಅಧಿಕಾರಿಗಳು ದೂರುತ್ತಿದ್ದುದೂ ನಿಜ. ಆದರೆ 1918ರ ನಿರ್ಣಾಯಕ ಕದನಗಳಲ್ಲಿ ಅದೇ ತುಕಡಿಗಳು ಮುಂಚೂಣಿಯಲ್ಲಿದ್ದವು. ಬ್ರಿಟನ್ 1930ರಲ್ಲಿ ಪಲಾಯನ ಮತ್ತು ಹೇಡಿತನಕ್ಕೆ ಇದ್ದ ಮರಣದಂಡನೆಯನ್ನು ತೆಗೆದುಹಾಕಿತು. 1942ರಲ್ಲಿ ಉತ್ತರ ಆಫ್ರಿಕಾದ ಸೇನಾಪತಿ ಅದನ್ನು ಮತ್ತೆ ತರಬೇಕೆಂದು ಕೇಳಿದಾಗ ಸರಕಾರ ಒಪ್ಪಲಿಲ್ಲ. ಅದಿಲ್ಲದೆಯೇ ಎರಡನೇ ಮಹಾಯುದ್ಧ ಗೆದ್ದದ್ದಾಯಿತು.

ಓಡಿದವರೆಲ್ಲ ಒಂದೇ ಅಲ್ಲ

‘ಪಲಾಯನ’ ಎಂಬ ಒಂದೇ ಪದದೊಳಗೆ ಹಲವು ಬಗೆಯ ಮನುಷ್ಯರಿದ್ದಾರೆ. ಒಬ್ಬ ದುಡ್ಡಿಗಾಗಿ ಶತ್ರುವಿನ ಕಡೆ ಸೇರಿದವನು. ಇನ್ನೊಬ್ಬ ಸುಖ ಬಯಸಿ ಜೊತೆಗಾರರನ್ನು ಕೈಬಿಟ್ಟವನು. ಮತ್ತೊಬ್ಬ ಫಾರ್‌ನಂತೆ ಮನಸ್ಸು ಮುರಿದುಹೋದವನು. ಕಾಲು ಮುರಿದವನನ್ನು ಓಡು ಎನ್ನದ ಸೇನೆ, ಮನಸ್ಸು ಮುರಿದವನಿಗೆ ಹೋರಾಡು ಎಂದಿತು. ಈ ಕಾಯಿಲೆಗೆ ‘ಶೆಲ್ ಶಾಕ್’ ಎಂಬ ಹೆಸರು 1915ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿತ್ತು. ಆಘಾತದ ನಂತರ ಕಾಡುವ ಈ ಬಗೆಯ ಮನೋವ್ಯಥೆಯನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಅಧಿಕೃತ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಇನ್ನೂ ಒಂದು ಬಗೆಯವರಿದ್ದಾರೆ. ಹಿಟ್ಲರನ ಸೇನೆಯಿಂದ ಓಡಿಹೋದವರು. ಇತಿಹಾಸಕಾರರ ಅಂದಾಜಿನಂತೆ ನಾಜಿ ಸೇನಾ ನ್ಯಾಯಾಲಯಗಳು ಕೊಲ್ಲಿಸಿದ ಪಲಾಯನಗಾರರು ಸುಮಾರು 15,000 ಮಂದಿ. ನೌಕಾಪಡೆಯ ಲುಡ್ವಿಗ್ ಬೌಮಾನ್ 1942ರಲ್ಲಿ ಫ್ರಾನ್ಸಿನಿಂದ ಓಡಿ ಸಿಕ್ಕಿಬಿದ್ದು, ಮರಣದಂಡನೆಯಿಂದ ಹೇಗೋ ಪಾರಾದ. ಯುದ್ಧ ಮುಗಿದ ಮೇಲೂ ಊರಿನವರ ಬಾಯಲ್ಲಿ ದ್ರೋಹಿಯಾಗಿಯೇ ಉಳಿದ. ಅವನೂ ಅವನ ಸಂಗಡಿಗರೂ ಪಟ್ಟುಬಿಡದೆ ಹೋರಾಡಿದ್ದರಿಂದ 2002ರಲ್ಲಿ ಜರ್ಮನಿಯ ಸಂಸತ್ತು ಆ ತೀರ್ಪುಗಳನ್ನು ರದ್ದು ಮಾಡಿತು. ಅನ್ಯಾಯದ ಯುದ್ಧದಿಂದ ಓಡಿದವನು ತಪ್ಪಿತಸ್ಥನಾದರೆ, ಅದರಲ್ಲಿ ಕೊನೆಯವರೆಗೆ ನಿಂತವನನ್ನು ಏನೆನ್ನಬೇಕು?

ಕ್ಷಮೆಯ ಹಾದಿ

1993ರಲ್ಲಿ ಬ್ರಿಟನ್ ಪ್ರಧಾನಿ ಜಾನ್ ಮೇಜರ್ ಕ್ಷಮೆಯ ಬೇಡಿಕೆಯನ್ನು ತಳ್ಳಿಹಾಕಿದರು. ಇಂದಿನ ಕಣ್ಣಿನಿಂದ ಇತಿಹಾಸವನ್ನು ತಿದ್ದಿ ಬರೆಯಲಾಗದು ಎಂಬುದು ಅವರ ನಿಲುವು. ಸತ್ತವರ ಮನೆಯವರು ಬಿಡಲಿಲ್ಲ. ನ್ಯೂಜಿಲೆಂಡ್ 2000ದಲ್ಲಿ ತನ್ನ ಐವರಿಗೆ ಕ್ಷಮೆ ಕೊಟ್ಟಿತು. 2001ರಲ್ಲಿ ಸ್ಟಾಫರ್ಡ್‌ಶೈರ್‌ನ ರಾಷ್ಟ್ರೀಯ ಸ್ಮಾರಕ ವನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಎಳೆಯ ಸೈನಿಕನ ಪ್ರತಿಮೆ ನಿಂತಿತು. ಸುತ್ತ ಒಬ್ಬೊಬ್ಬರ ಹೆಸರಿಗೆ ಒಂದೊಂದು ಮರದ ಕಂಬ. ಕೊನೆಗೆ 2006ರಲ್ಲಿ ಹ್ಯಾರಿ ಫಾರ್ ಸೇರಿದಂತೆ 306 ಮಂದಿಗೆ ಕಾನೂನಿನ ಮೂಲಕ ಕ್ಷಮೆ ಸಿಕ್ಕಿತು. ಆಗ ಅವನ ಮಗಳು ತೊಂಬತ್ತು ದಾಟಿದ ಮುದುಕಿ.

ಆ ಕಾನೂನಿನ ಒಕ್ಕಣೆ ಗಮನಿಸಬೇಕಾದ್ದು. ಅಂದಿನ ತೀರ್ಪನ್ನು ಅದು ಅಳಿಸಿಹಾಕಲಿಲ್ಲ. ಇಂಥ ಸಾವು ಅವರಿಗೆ ಬರಬಾರದಿತ್ತು ಎಂದಷ್ಟೇ ಹೇಳಿತು. ತಪ್ಪು ಬೇರೆ, ಅದಕ್ಕೆ ತೆತ್ತ ಬೆಲೆ ಬೇರೆ ಎಂಬ ವಿವೇಕ ಅದರಲ್ಲಿದೆ. ಜೊತೆಗಾರರನ್ನು ತಿಳಿದೂ ತಿಳಿದೂ ಕೈಬಿಟ್ಟವನನ್ನು ದೂರಲು ಕಾರಣವಿದೆ. ಆದರೆ ದೂರುವ ಮೊದಲು ಅವನಿಗೆ ಏನಾಗಿತ್ತು, ಅವನ ಮುಂದೆ ಬೇರೆ ದಾರಿ ಇತ್ತೇ, ಆ ಯುದ್ಧ ಎಂಥದ್ದು ಎಂದು ಕೇಳಲೇಬೇಕು. ಹ್ಯಾರಿ ಫಾರ್‌ನನ್ನು ಅಂದು ಸರಿಯಾಗಿ ಕೇಳಿದವರೇ ಇರಲಿಲ್ಲ.

‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಹೇಳಿ ನಗುವುದು ನಮ್ಮ ಮನೆಗಳಲ್ಲಿ ರೂಢಿ. ಅಂತಃಪುರದಲ್ಲಿ ಜಂಬ ಕೊಚ್ಚಿದ ಉತ್ತರಕುಮಾರ ಕೌರವ ಸೇನೆಯನ್ನು ಕಂಡದ್ದೇ ರಥದಿಂದ ಹಾರಿ ಓಟ ಕಿತ್ತ. ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸುತ್ತೇವೆ. ಬೃಹನ್ನಳೆಯ ವೇಷದ ಅರ್ಜುನ ಓಡಿಹೋಗಿ ಅವನನ್ನು ಹಿಡಿದ, ಹೊಡೆದು ಕೊಲ್ಲಲಿಲ್ಲ. ಸಮಾಧಾನ ಹೇಳಿ, ಬನ್ನಿ ಮರ ಹತ್ತಿಸಿ ಆಯುಧ ಇಳಿಸಿಕೊಂಡು, ಅದೇ ರಥಕ್ಕೆ ಸಾರಥಿ ಮಾಡಿಕೊಂಡ. ಓಡಿದ ಹುಡುಗನೇ ಕುದುರೆಯ ಹಗ್ಗ ಹಿಡಿದು ಕೌರವ ಸೇನೆಯ ನಡುವೆ ರಥ ನಡೆಸಿದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡುತ್ತ ಸತ್ತ. ಗಾದೆ ಹೇಳಿಕೊಡುವ ದೊಡ್ಡವರು ಮಕ್ಕಳಿಗೆ ಕಥೆಯ ಈ ಉಳಿದ ಭಾಗವನ್ನೂ ಹೇಳುವುದು ಒಳ್ಳೆಯದು.