ಸ್ವೆಟರ್‌ಗೆ ಉಲ್ಲನ್ ಎಷ್ಟು ಬೇಕು? ಒಂದು ಉಂಡೆಯ ಲೆಕ್ಕ

ಪುತ್ತೂರಿನ ಈ ಸೆಕೆಯಲ್ಲಿ ಕೂತು ಸ್ವೆಟರ್ ಬಗ್ಗೆ ಎಂತ ಮಾತು ಅಂತ ನೀವು ನಗಬಹುದು. ಆದ್ರೆ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದ್ರೆ ಮಡಿಕೇರಿ ಉಂಟಲ್ಲ, ನನ್ನ ತಂಗಿ ಅಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಅಮ್ಮ ಅವಳಿಗೆ ಸ್ವೆಟರ್ ಹೆಣೆಯುವಾಗ ಕೊನೇ ತೋಳಿಗೆ ಉಲ್ಲನ್ ಸಾಕಾಗಲಿಲ್ಲ. ಮತ್ತೆ ತಂದದ್ದು ಅದೇ ಕಂಪೆನಿ, ಅದೇ ನೀಲಿ. ಹೆಣೆದು ನೋಡಿದ್ರೆ ಬಣ್ಣವೇ ಬೇರೆ! ಅಮ್ಮನ ಎರಡು ತಿಂಗಳ ಕೆಲಸವನ್ನು ತಂಗಿ ಈಗ ಜಾಕೆಟ್ ಒಳಗೆ ಮಾತ್ರ ಹಾಕ್ತಾಳೆ.

ಕಾರಣ ಡೈ ಲಾಟ್. ಉಲ್ಲನ್‌ಗೆ ಒಂದೊಂದು ಸಲ ಬಣ್ಣ ಹಾಕುವಾಗಲೂ ಸ್ವಲ್ಪ ವ್ಯತ್ಯಾಸ ಬರ್ತದೆ. ಲೇಬಲ್‌ನಲ್ಲಿ ಲಾಟ್ ನಂಬರ್ ಇದ್ರೆ ಎಲ್ಲ ಉಂಡೆಗೂ ಒಂದೇ ಇರಬೇಕು. ಹಾಗಾಗಿ ಮೊದಲೇ ಲೆಕ್ಕ ಬೇಕು.

ನಾನು ಬಿ.ಕಾಂ. ಓದಿದವನು, ಕಾಸ್ಟಿಂಗ್ ತರಹವೇ ನೋಡೋಣ. ಎದೆ ಸುತ್ತಳತೆ 96 ಸೆಂ.ಮೀ., ಉದ್ದ 60. ಗುಣಿಸಿದ್ರೆ 5,760 ಚದರ ಸೆಂ.ಮೀ. ತೋಳು ಉದ್ದ 45, ಸರಾಸರಿ ಅಗಲ 30, ಎರಡಕ್ಕೆ 2,700. ಒಟ್ಟು 8,460.

ಈಗ 50 ಗ್ರಾಂ ಉಂಡೆ ಒಂದನ್ನು ತಂದು ಬೆನ್ನಿನ ಭಾಗವನ್ನೇ ಶುರು ಮಾಡಿ. 48 ಸೆಂ.ಮೀ. ಅಗಲದಲ್ಲಿ ಉಂಡೆ ಮುಗಿಯುವಾಗ 29 ಸೆಂ.ಮೀ. ಎತ್ತರ ಬಂತು ಅಂತ ಇಟ್ಟುಕೊಳ್ಳಿ. ಅಂದ್ರೆ 1,392. ಭಾಗಿಸಿದ್ರೆ ಆರು ಉಂಡೆ, ಚೂರು ಹೆಚ್ಚು. ಕಾಲರ್, ಜೋಡಣೆ, ವೇಸ್ಟೇಜ್ ಅಂತ ಶೇ. 15 ಸೇರಿಸಿ: ಏಳು. ಮೊದಲ ಉಂಡೆ ತರುವ ದಿನವೇ ಅಂಗಡಿಯವರ ಹತ್ರ ಅದೇ ಲಾಟ್ ತೆಗೆದಿಡಲಿಕ್ಕೆ ಹೇಳಿ. ಕಡ್ಡಿ ಅಥವಾ ಡಿಸೈನ್ ಬದಲಾದ್ರೆ ಲೆಕ್ಕವೂ ಬದಲಾಗ್ತದೆ. ಜಡೆ ಡಿಸೈನ್ ಉಲ್ಲನ್ ಜಾಸ್ತಿ ತಿನ್ನುತ್ತದೆ.

ಇನ್ನು ಕ್ವಾಲಿಟಿ. ನಾವೆಲ್ಲ ‘ಉಲ್ಲನ್’ ಅಂತ ಕರೆಯುವುದು ಎಷ್ಟೋ ಸಲ ಅಕ್ರಿಲಿಕ್, ಅಂದ್ರೆ ಒಂಥರಾ ಪ್ಲಾಸ್ಟಿಕ್ ನೂಲು. ಪರೀಕ್ಷೆ ಸುಲಭ. ಎರಡು ಇಂಚು ನೂಲನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ತಣಿದ ಮೇಲೆ ಬೂದಿ ಪುಡಿಯಾದ್ರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದ್ರೆ ಅಕ್ರಿಲಿಕ್. ಎರಡೂ ಕಂಡ್ರೆ ಮಿಕ್ಸ್.

ಅಕ್ರಿಲಿಕ್ ಹಾಳು ಅಂತಲ್ಲ. ರೇಟ್ ಕಮ್ಮಿ, ಒಗೆಯಲು ಸುಲಭ, ದಿನಾ ಒಗೆಯುವ ಮಕ್ಕಳ ಸ್ವೆಟರ್‌ಗೆ ಆಗ್ತದೆ. ಆದ್ರೆ ಮಡಿಕೇರಿಯ ಮಳೆಗೆ, ಇಲ್ಲ ಕಡಬದ ಕಡೆಯಿಂದ ಕುಮಾರ ಪರ್ವತ ಹತ್ತುವಾಗ, ಸ್ವಲ್ಪ ಒದ್ದೆಯಾದ್ರೂ ಬೆಚ್ಚಗಿಡುವುದು ಉಣ್ಣೆ. ಅಕ್ರಿಲಿಕ್ ಹಾಕಿಕೊಂಡು ಬಚ್ಚಲ ಒಲೆಯ ಹತ್ರ ಕೂರಬೇಡಿ, ಬೆಂಕಿ ತಾಗಿದ್ರೆ ಕರಗಿ ಮೈಗೆ ಅಂಟ್ತದೆ.

ಕೊನೆಗೆ, ಅಂಗೈಯಷ್ಟು ತುಂಡು ಹೆಣೆದು ಒಗೆದು ಒಣಗಿಸಿ, ಆಮೇಲೆ ಉಜ್ಜಿ ನೋಡಿ. ಕುಗ್ಗುತ್ತದಾ, ಬಣ್ಣ ಬಿಡ್ತದಾ, ಗುಂಡು ಗುಂಡು ಏಳ್ತದಾ ಅಂತ ಆಗಲೇ ಗೊತ್ತಾಗ್ತದೆ.

ಅಮ್ಮ ಈ ಸಲ ಏಳು ಉಂಡೆ ಒಟ್ಟಿಗೇ ತಂದಿದ್ದಾರೆ. ಲೇಬಲ್ ಎಲ್ಲ ಡಬ್ಬಿಯಲ್ಲಿ ಜೋಪಾನ! ಮುಂದಿನ ವಾರ ಸಿಗುವ.